ಮೊಣಕಾಲೆತ್ತರದ ಶಟರು

ಗುರುವಾರ ಗುರುವಾರ ಕಾಸರಗೋಡಿನ ಸರ್ಕಾರಿ ಆಸ್ಪತ್ರೆ,
ಹದಿನಾಲ್ಕನೇ ಕೋಣೆ, ಷಿಜಿ ಮೇಡಂ.
ಅವರಿಗೆ ಕನ್ನಡ ಓದಲು ಬರುವುದಿಲ್ಲ,
ನನಗೆ ಮಲಯಾಳ ಬರೆಯಲು ಬರುವುದಿಲ್ಲ.
ಹಾಗಾಗಿ ಪುಸ್ತಕವನ್ನು ನಾನೇ ಓದಿ ಹೇಳಬೇಕು;
ಬರೆದವನೇ ಓದಿ, ಓದಿದವನೇ ಕೇಳಿಸಿಕೊಂಡು
ನಾಚಿಕೆಯೂ ಅವನಿಗೇ.

ಮೊದಲ ವಾರದ್ದು ಇಷ್ಟು:
ಸೋಮವಾರ, ಏನಿಲ್ಲ. ಅಂಕ ಸೊನ್ನೆ.
ಮಂಗಳವಾರ, ಏನಿಲ್ಲ.
ಬುಧವಾರ, ಮೇಲಿನಂತೆ.
‘ಚಾಯ ಕುಡಿಯಲಿಲ್ಲವಾ?’
ಕುಡಿದೆ.
‘ಮಾಡಿದ್ದು ಯಾರು?’
ನಾನೇ.
‘ಹಾಗಾದರೆ ಅದು ಪುಸ್ತಕದಲ್ಲಿ ಎಲ್ಲಿ ಉಂಟು?’

ನನ್ನದು ತಕ್ಕಡಿ ರಿಪೇರಿ. ಮೀನು ಮಾರ್ಕೆಟಿನ ಹಿಂದೆ,
ಟೊಪ್ಪಿ ಹೊಲಿಯುವ ಅಂದುಞ್ಞಿಯ ಕೋಣೆ ದಾಟಿ ಎರಡನೆಯದು.
ಅಪ್ಪ ಮುಳ್ಳು ನೆಟ್ಟಗೆ ಮಾಡುತ್ತಿದ್ದರು,
ನಾನು ಕರೆಂಟಿನ ತಕ್ಕಡಿಗಳ ಹೊಟ್ಟೆ ಬಿಚ್ಚುತ್ತೇನೆ.
ಬಿಚ್ಚುತ್ತಿದ್ದೆ, ಅನ್ನಬೇಕು.
ಬೀಗದ ಕೈ ಜೇಬಿನಲ್ಲೇ ಇತ್ತು,
ನನ್ನ ಕೈ ಎಲ್ಲಿಗೋ ಹೋಗಿತ್ತು.

ಯಾರೂ ಸತ್ತಿರಲಿಲ್ಲ. ಸಾಲವೂ ಇರಲಿಲ್ಲ.
ಕೇಳಿದವರಿಗೆ ಹೇಳಲು ಒಂದು ಕಾರಣ ಇದ್ದಿದ್ದರೆ
ಅಷ್ಟಾದರೂ ಮರ್ಯಾದೆ.
ಬೇಜಾರಾ, ಅಂದ ಭಾವ.
ಅಲ್ಲ ಮಾರಾಯ, ಬೇಜಾರು ಸಂಜೆಗೆ ಎದ್ದು ಹೋಗುತ್ತದೆ.
ಮೇಡಂ ಅದನ್ನು ‘ವಿಷಮಂ’ ಅಂದರು.
ಅವರ ಭಾಷೆಯಲ್ಲಿ ಅದು ದುಃಖವಂತೆ;
ನನಗೆ ಕೇಳಿಸಿದ್ದು ವಿಷಮ,
ಎರಡು ತಟ್ಟೆ ಸಮ ನಿಲ್ಲದ್ದು.
ಆ ಕೋಣೆಯಲ್ಲಿ ನನಗೆ ಅರ್ಥವಾದ ಮೊದಲ ಮಾತು ಅದು.

ಇನ್ನೊಂದು ವಾರ ಓದಿದೆ: ಶುಕ್ರವಾರ ಪೇಟೆಗೆ ಹೋದೆ,
ಒಬ್ಬರೂ ಮಾತಾಡಿಸಲಿಲ್ಲ, ನನ್ನ ಮುಖವೇ ಹಾಗೆ, ಅಂಕ ಸೊನ್ನೆ.
‘ಶುಕ್ರವಾರ ಹರತಾಳ ಅಲ್ಲವಾ ಆಚಾರ್ರೇ?’
ಹೌದು.
‘ಕರೆ ಕೊಟ್ಟದ್ದು ನೀವಾ?’
ಎಷ್ಟೋ ದಿನದ ಮೇಲೆ ಮೂಗಿನಿಂದ ಒಂದು ಶಬ್ದ ಬಂತು,
ನಗೆ ಅಂತ ಬರೆಯಲು ಧೈರ್ಯ ಸಾಲಲಿಲ್ಲ.

ಅಂದುಞ್ಞಿ ಒಂದು ದಿನ ಸೂಜಿ ಮುಟ್ಟದಿದ್ದರೆ ಎಷ್ಟು ಅಂಕ?
ಆರು, ಅಂದೆ. ಸುಸ್ತಾಗಿರಬೇಕು ಪಾಪ.
ವಾಮನ ಆಚಾರಿಗೆ?
ಕಿಟಕಿಯಾಚೆ ಆಂಬುಲೆನ್ಸ್ ಹಿಂದೆ ಹಿಂದೆ ಬರುತ್ತಿತ್ತು.
ಎರಡು ಥರದ ಕಲ್ಲು ಇಟ್ಟವನಿಗೆ ದಂಡ ಉಂಟು,
ಮೊಹರಿಲ್ಲದ ಕಲ್ಲನ್ನು ನಾನು ಮೇಜಿಗೇ ಏರಿಸುವುದಿಲ್ಲ.
ನನ್ನನ್ನು ತೂಗುತ್ತಿದ್ದ ಆ ಕಲ್ಲು,
ಅದರ ಅಡಿ ಮಗುಚಿ ನೋಡಲೇ ಇಲ್ಲವಲ್ಲ.

‘ಅಂಗಡಿ ತೆರೆಯುವುದು’ ಎಂದು ಬರೆದದ್ದನ್ನು ಹೊಡೆದು ಹಾಕಿಸಿದರು.
ಈ ವಾರ ಬೀಗ ಮುಟ್ಟಿ ಬರುವುದು, ಅಷ್ಟೇ.
ಬರುವ ವಾರ ಶಟರು, ಮೊಣಕಾಲಿನವರೆಗೆ.
ಆದ ಮೇಲೆ ಒಂದು ಸುಲೈಮಾನಿ, ನಿಂಬೆ ಜಾಸ್ತಿ;
ಆಗದಿದ್ದರೆ ಬೈಗುಳ ಇಲ್ಲ.
ಮತ್ತೆ, ಒಳ್ಳೆಯದಾಯಿತು ಅಂತ ತನಗೆ ತಾನು ಹೇಳಿಕೊಳ್ಳಬೇಕು.
ಶಟರಿಗಿಂತ ಭಾರ ಇದು.
ಕನ್ನಡದಲ್ಲಿ ಹೇಳಿದೆ, ಮೇಷ್ಟ್ರು ಹೇಳಿದ ಹಾಗಾಯಿತು.
ಮಲಯಾಳದಲ್ಲಿ, ಮೇಡಮ್ಮನ ಮಾತೇ.
ಕಡೆಗೆ ಮಾರ್ಕೆಟಿನ ತುಳುವಿನಲ್ಲಿ, ಬೀಗಕ್ಕೆ ಮಾತ್ರ ಕೇಳುವ ಹಾಗೆ,
ಎಡ್ಡೆ ಆಂಡ್.

ನಡುವೆ ಆರು ದಿನ ಪುಸ್ತಕ ಖಾಲಿ.
ಆ ಹಾಳೆಗಳನ್ನು ಹರಿಯಲು ಅವರು ಬಿಡಲಿಲ್ಲ.

ಇವತ್ತು ಮೊಣಕಾಲಿನವರೆಗೆ ಎತ್ತಿ ಒಳಗೆ ನುಸುಳಿ ಕೂತಿದ್ದೇನೆ.
ಬೀದಿಯ ಕಾಲುಗಳು ಮಾತ್ರ ಕಾಣುತ್ತವೆ,
ಒಂದು ಬೆಕ್ಕು ಪೂರ್ತಿ.
ಒದ್ದೆ ಸೆರಗಿನ ಎರಡು ಕಾಲು ನಿಂತವು:
‘ಆಚಾರ್ರೇ, ಒಳಗೆ ಉಂಟಾ? ಐವತ್ತು ಗ್ರಾಂ ತಿನ್ನುತ್ತದೆ ಇದು.’
ಸೀತಮ್ಮಕ್ಕ ಬಗ್ಗಿ ತಕ್ಕಡಿಯನ್ನು ಅಡಿಯಿಂದ ತಳ್ಳಿದರು.
ಶಟರು ಪೂರ್ತಿ ಎತ್ತಿ ಅನ್ನಲಿಲ್ಲ.

ಉಪ್ಪು ಹಿಡಿದಿತ್ತು, ಅಷ್ಟೇ. ಒರೆಸಿ,
ಖಾಲಿ ತಟ್ಟೆಯ ತೂಕ ಕಳೆಯುವ ಗುಂಡಿ ಒತ್ತಿದೆ.
ಸೊನ್ನೆ ಬಂತು.
ಇದು ಬೇರೆ ಸೊನ್ನೆ; ಇಲ್ಲಿಂದ ತೂಗಬಹುದು.

ಅಂಕ ಇನ್ನೂ ಹಾಕಿಲ್ಲ.
ಸುಲೈಮಾನಿ ಆರುತ್ತಾ ಉಂಟು.